ಫ್ರಿಡ್ಜಿನ ಜೊತೆಗೆ ಕೊಟ್ಟ ಬಾಂಡು

ಫೋನ್ ಎತ್ತಿದವರು ನಮ್ಮ ಕರಾವಳಿಯ ಮುಸ್ಲಿಮರು, ಬ್ಯಾರಿಗಳು ಎಂದು ಮೊದಲ ಮಾತಿಗೇ ಗೊತ್ತಾಯಿತು. ನಾನು ಕೇಳಿದ್ದು ಮಾತ್ರ ಮಂಗಳೂರಿನ ಒಬ್ಬ ಕ್ರೈಸ್ತರನ್ನು. ಶಾಲೆಯ ಕಂಪ್ಯೂಟರಿನಲ್ಲಿ ಅವರ ಹೆಸರಿನ ಎದುರು ಇದ್ದದ್ದು ಇದೇ ನಂಬರು.

"ಪೊರ್ಬುಗಳು ಊರಿಗೆ ಹೋಗಿ ಎಷ್ಟೋ ಕಾಲ ಆಯ್ತಲ್ಲ ಬಾಯಮ್ಮ," ಎಂದರು ಆ ಮನುಷ್ಯ. ನನ್ನ ಹೆಸರು ಕೇಳಿದ್ದೇ ನಾನು ಯಾವ ಕಡೆಯವಳು, ಯಾವ ಜಾತಿಯವಳು ಎಂದು ಲೆಕ್ಕ ಹಾಕಿ ಆಗಿತ್ತು ಅವರಿಗೆ. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುತ್ತಾರೆ. "ವೀಸಾ ಕ್ಯಾನ್ಸಲ್ ಆಗಿ ಹೋದದ್ದು. ಫ್ರಿಡ್ಜು, ವಾಶಿಂಗ್ ಮಶಿನು, ಬಾಂಡು ಎಲ್ಲ ನನಗೆ ಕೊಟ್ಟು ಹೋದ್ರು. ಫ್ರಿಡ್ಜು ಹಾಳಾಯ್ತು. ಬಾಂಡು ಉಂಟು."

"ಬಾಂಡು ನಿಮ್ಮ ಹತ್ತಿರ ಹೇಗೆ ಇರ್ಲಿಕ್ಕೆ ಆಗ್ತದೆ ಮಾರಾಯ್ರೆ? ಅದು ಅವರ ಹೆಸರಿನಲ್ಲಿ ಉಂಟು."

"ಹೆಸರು ಅವರದ್ದೇ. ಮಗಳು ನನ್ನದ್ದು. ನಿಮ್ಮ ಶಾಲೆಯಲ್ಲೇ ಒಂಬತ್ತನೇ ಕ್ಲಾಸು."

ಫೋನ್ ಇಟ್ಟು ಇನ್ನೊಂದು ನಂಬರಿಗೆ ಮಾಡಿದೆ. ಅಲ್ಲಿ ಉಡುಪಿಯ ಎಂಜಿನಿಯರರ ಬದಲು ಒಬ್ಬ ಮಲಯಾಳಿ ನರ್ಸಮ್ಮ ಸಿಕ್ಕರು. ಅವರಿಗೆ ಬಾಂಡು ಬಂದದ್ದು ಸೋಫಾದ ಜೊತೆ. ಮತ್ತೊಬ್ಬರಿಗೆ ಮಂಚ, ಕಪಾಟು, ಗ್ಯಾಸ್ ಒಲೆಯ ಜೊತೆ. ಒಳ್ಳೆ ಕತೆಯಾಯಿತಲ್ಲ ಎಂದು ನನಗೆ ನಗುವೂ ಬಂತು, ಸಿಟ್ಟೂ ಬಂತು. ಸಿಟ್ಟು ನನಗೆ ಸ್ವಲ್ಪ ಬೇಗ ಬರುತ್ತದೆ.

ಈ ಬಾಂಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ದೋಹಾದ ಒಂದು ಭಾರತೀಯ ಶಾಲೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಶಾಲೆ ಹೊಸ ಕಟ್ಟಡ ಕಟ್ಟುವಾಗ ಪೋಷಕರಿಂದಲೇ ಬಡ್ಡಿಯಿಲ್ಲದ ಸಾಲ ತೆಗೆದುಕೊಂಡಿತ್ತು. ಸಾಲ ಕೊಟ್ಟವರಿಗೆ ಬಾಂಡು ಎಂಬ ಒಂದು ಪತ್ರ, ಆ ಪತ್ರಕ್ಕೆ ಒಂದು ಸೀಟು. ಮಗು ಓದು ಮುಗಿಸಿ ಹೊರಟಾಗ ಪತ್ರ ಕೊಟ್ಟು ಹಣ ವಾಪಸು ಪಡೆಯಬೇಕು. ಇಲ್ಲಿ ನಮ್ಮ ಶಾಲೆಗಳಲ್ಲಿ ಸೀಟು ಸಿಗುವುದೆಂದರೆ ಸುಲಭದ ಮಾತಲ್ಲ. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ ನಡೆಸಿದರೂ ಗೇಟಿನ ಹೊರಗೆ ಜನ ನಿಂತಿರುತ್ತಾರೆ. ಹಾಗಾಗಿ ಬಾಂಡು ಇದ್ದವರಿಗೆ ಹಣಕ್ಕಿಂತ ಸೀಟೇ ಮುಖ್ಯವಾಗಿತ್ತು.

ಆಮೇಲೆ ಇಲ್ಲಿನ ಶಿಕ್ಷಣ ಇಲಾಖೆ ಒಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿತು. ಸಮುದಾಯದ ಶಾಲೆಗಳು ಕಟ್ಟಡಕ್ಕೆಂದು ಮಾಡಿದ ಇಂಥ ಸಾಲವನ್ನು ಸರ್ಕಾರವೇ ತುಂಬಿಕೊಡುತ್ತದೆ. ಇನ್ನು ಮುಂದೆ ಮಾತ್ರ ಸೀಟನ್ನು ಹಣಕ್ಕೆ ಕಟ್ಟಿಹಾಕಬಾರದು. ಇದಕ್ಕಿಂತ ನ್ಯಾಯ ಯಾವುದು? ಆದರೆ ಹಣ ನೇರವಾಗಿ ಕೈಗೆ ಬರುವುದಿಲ್ಲ. ಮೊದಲು ಶಾಲೆ ತನ್ನ ಕೈಯಿಂದ ಬಾಂಡುದಾರರಿಗೆ ಕೊಡಬೇಕು. ಅವರ ಗುರುತಿನ ಚೀಟಿ, ಬ್ಯಾಂಕಿನ ದಾಖಲೆ, ರಸೀದಿ, ಮೂಲ ಬಾಂಡು ಎಲ್ಲ ಜೋಡಿಸಿ ಕಂತು ಕಂತಾಗಿ ಇಲಾಖೆಗೆ ಒಪ್ಪಿಸಬೇಕು. ಒಂದರಲ್ಲಿ ಹೆಚ್ಚುಕಮ್ಮಿ ಕಂಡರೂ ಇಡೀ ಕಂತು ವಾಪಸು. ಕೊನೆಯಲ್ಲಿ ಇನ್ನೊಂದು ಷರತ್ತು: ಬಾಂಡಿನ ಮೇಲೆ ಸೇರಿದ ಮಗು ಬಾಂಡುದಾರರ ಸ್ವಂತ ಮಗು ಅಥವಾ ಅವರು ಗಾರ್ಡಿಯನ್ ಆಗಿರುವ ಸಂಬಂಧದ ಮಗುವಾದರೆ ಶಾಲೆ ಮುಗಿಯುವವರೆಗೆ ಸೀಟು ಇರುತ್ತದೆ. ಇಲ್ಲದಿದ್ದರೆ ಆ ಸೀಟು ಸಾರ್ವಜನಿಕ ಕಾಯುವ ಪಟ್ಟಿಗೆ ಹೋಗುತ್ತದೆ.

ಓದುವಾಗ ಈ ಷರತ್ತು ನನಗೆ ಏನೂ ಅನ್ನಿಸಲಿಲ್ಲ. ಬೇರೆಯವರ ಬಾಂಡಿನ ಮೇಲೆ ಯಾರ ಮಗು ಯಾಕೆ ಕೂರುತ್ತದೆ ಎಂದುಕೊಂಡಿದ್ದೆ. ಗಲ್ಫಿನಲ್ಲಿ ನಮ್ಮ ಜನ ಊರಿಗೆ ಹೊರಡುವ ರೀತಿಯೇ ಬೇರೆ ಎಂಬುದು ತಲೆಗೆ ಹೊಳೆಯಲಿಲ್ಲ. ಕೆಲಸ ಹೋಯಿತೆಂದರೆ ತಿಂಗಳೊಳಗೆ ಗಂಟುಮೂಟೆ ಕಟ್ಟಬೇಕು. ಸಾಮಾನನ್ನು ಒಂದೊಂದಾಗಿ ಮಾರಲು ಪುರುಸೊತ್ತು ಎಲ್ಲಿ? ಪರಿಚಯದವರನ್ನು ಕರೆದು ಚಹಾ ಕೊಟ್ಟು "ಇದೆಲ್ಲ ನಿಮಗೆ" ಎಂದು ಮನೆಯ ಕೀಲಿಕೈ ಕೊಟ್ಟರೆ ಖಲಾಸ್. ಆ "ಇದೆಲ್ಲ"ದಲ್ಲಿ ಬಾಂಡೂ ಸೇರುತ್ತಿತ್ತು. ತಂದವರನ್ನು ನಮ್ಮ ಫ್ರಂಟ್ ಆಫೀಸಿನವರು ಏನೂ ಕೇಳುತ್ತಿರಲಿಲ್ಲ. ಬಾಂಡು ತೋರಿಸಿದ ಮಗುವಿಗೆ ಸೀಟು ಕೊಟ್ಟು, ಕಂಪ್ಯೂಟರಿನಲ್ಲಿ ಫೋನ್ ನಂಬರು ಮಾತ್ರ ಬದಲಾಯಿಸುತ್ತಿದ್ದರು. ಹೆಸರು ಹಾಗೇ. ಇದನ್ನು ಯಾರೂ ಮೋಸ ಅಂದುಕೊಂಡಿರಲಿಲ್ಲ, ನಿಜಕ್ಕೂ ಅದು ಮೋಸ ಆಗಿರಲಿಲ್ಲ.

ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಒಳರಸ್ತೆಯಲ್ಲಿ ಆ ಬ್ಯಾರಿಗಳದ್ದು ಪರದೆ ಹೊಲಿಯುವ ಅಂಗಡಿ. ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಹೋದೆ. ನೆಲದ ಮೇಲೆ ಯಾರದೋ ವಿಲ್ಲಾದ ದೊಡ್ಡ ಪರದೆಯನ್ನು ಹರಡಿ, ಮೊಣಕಾಲೂರಿ ಅಂಚು ಮಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ಸ್ಟೂಲು ಒರೆಸಿ ಕೊಟ್ಟರು. ನಾನು ವಿಷಯ ಹೇಳಿದೆ. ಸೀಟು ಕಾಯುವ ಪಟ್ಟಿಗೆ ಹೋಗುತ್ತದೆ ಎನ್ನುವಾಗ ಅವರ ಕೈಯ ಟೇಪು ನಿಂತಿತು.

"ಮತ್ತೆ ಅವಳು ಹತ್ತನೇ ಕ್ಲಾಸು ಎಲ್ಲಿ ಓದುವುದು?"

ಅದೇ ಪ್ರಶ್ನೆ. ಒಂಬತ್ತರಲ್ಲಿ ಬೋರ್ಡಿಗೆ ಹೆಸರು ನೋಂದಾಯಿಸಿ ಆಗಿರುತ್ತದೆ, ಹತ್ತಕ್ಕೆ ಹೊಸದಾಗಿ ಸೇರಿಸಿಕೊಳ್ಳಲು ಯಾವ ಶಾಲೆಗೂ ಮನಸ್ಸಿರುವುದಿಲ್ಲ. ಶಾಲೆಯ ಹೊಸ ವರ್ಷ ಶುರುವಾಗಲು ಉಳಿದದ್ದು ಸ್ವಲ್ಪವೇ ದಿನ. ಇಲ್ಲಿ ಸೀಟಿಲ್ಲದಿದ್ದರೆ ತಾಯಿ ಮಗಳು ಊರಿಗೆ ಹೋಗಬೇಕು, ಇವರು ಅಂಗಡಿಯ ಹಿಂದೆ ಒಬ್ಬರೇ ಇರಬೇಕು. ಅವರು ಹಾಗೆ ಬಾಯಿಬಿಟ್ಟು ಹೇಳಲಿಲ್ಲ. "ಅವಳ ತಾಯಿಗೆ ಈಗಲೇ ಹೇಳುವುದು ಬೇಡ ಬಾಯಮ್ಮ," ಎಂದಷ್ಟೇ ಹೇಳಿದರು.

"ಪೊರ್ಬುಗಳು ನಿಮಗೇ ಯಾಕೆ ಕೊಟ್ಟದ್ದು? ದುಡ್ಡು ಕೊಟ್ಟಿದ್ದೀರಾ?"

"ಎಂತ ದುಡ್ಡು. ಸಾಮಾನಿನ ಜೊತೆ ಕೊಟ್ರು."

ಅಷ್ಟು ಹೇಳಿ ಮತ್ತೆ ಪರದೆಯ ಅಂಚಿಗೆ ಬಗ್ಗಿದರು.

ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಕೆಟ್ಟವರಲ್ಲ. ತಲೆಬಿಸಿಯ ಮನುಷ್ಯ, ಅಷ್ಟೆ. ಬಾಂಡುಗಳಿಗೆ ಕೊಟ್ಟದ್ದು ಶಿಕ್ಷಕರ ಸಂಬಳಕ್ಕೆಂದು ಇಟ್ಟ ನಿಧಿಯಿಂದ. ಇಲಾಖೆಯಿಂದ ಅದು ತುಂಬಿ ಬರದಿದ್ದರೆ ಬೇಸಿಗೆ ರಜೆಯ ಸಂಬಳಕ್ಕೆ ಕಷ್ಟ. ನಾನು ಹೋಗಿ ಹೇಳಿದ್ದೇ ಅವರಿಗೊಂದು ಉಪಾಯ ಹೊಳೆಯಿತು.

"ಸುಲಭ ಉಂಟಲ್ಲ ಮೇಡಂ. ಬಾಂಡುದಾರರೇ ಆ ಮಕ್ಕಳ ಗಾರ್ಡಿಯನ್ ಅಂತ ಒಂದು ಡಿಕ್ಲರೇಶನ್ ಹಾಕಿ. ಅಂಕಲ್, ಆಂಟಿ, ಏನೋ ಒಂದು. ನೀವು ಸೈನ್ ಮಾಡಿ, ನಾನೂ ಮಾಡ್ತೇನೆ. ಯಲ್ಲಾ, ಮುಗೀತು."

"ಸರ್, ಬಾಂಡುದಾರರು ಚರ್ಚಿಗೆ ಹೋಗುವವರು. ಹುಡುಗಿ ಹಿಜಾಬ್ ಹಾಕಿ ಬರುವವಳು. ಅಂಕಲ್ ಅಂತ ಬರೆದರೆ ಆಫೀಸರ್ ನಗಾಡಿಯೇ ಫೈಲು ವಾಪಸು ಕಳಿಸ್ತಾರೆ."

"ಅದೊಂದನ್ನು ಬಿಟ್ಟುಬಿಡಿ ಹಾಗಾದ್ರೆ. ಒಂದು ಸೀಟಿಗಾಗಿ ಇಡೀ ಕಂತು ನಿಲ್ಲಿಸ್ಲಿಕ್ಕೆ ಆಗ್ತದಾ?"

"ಇಂಥವು ಎಷ್ಟೋ ಉಂಟು, ಯಾವ ಒಂದನ್ನು ಬಿಡುವುದು ಸರ್? ನೀವೇ ಹೇಳಿ, ನಾನು ಬರ್ಕೊಳ್ತೇನೆ," ಎಂದೆ. ನನ್ನ ದನಿ ಏರಿತ್ತು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರ ಕಷ್ಟವೂ ಕಷ್ಟವೇ. ನಾನು ಡಿಕ್ಲರೇಶನಿಗೆ ಸಹಿ ಹಾಕಲಿಲ್ಲ, ಅವರೂ ಒತ್ತಾಯ ಮಾಡಲಿಲ್ಲ.

ಮೊದಲು ಸರಳವಾದ ದಾರಿಯನ್ನೇ ಹಿಡಿದೆ. ಈಗ ಯಾರ ಕೈಯಲ್ಲಿ ಬಾಂಡು ಇದೆಯೋ ಅವರ ಹೆಸರಿಗೆ ಮಾಡಿಕೊಡಲು ಅನುಮತಿ ಕೊಡಿ ಎಂದು ಇಲಾಖೆಗೆ ಬರೆದೆ. ಎರಡೇ ಸಾಲಿನ ಉತ್ತರ ಬಂತು: ಯೋಜನೆ ಶುರುವಾದ ಮೇಲೆ ಹೆಸರು ಬದಲಾಯಿಸುವಂತಿಲ್ಲ. ತಪ್ಪೇನೂ ಅಲ್ಲ. ಹಾಗೆ ಬಿಟ್ಟರೆ ನಾಳೆ ಬಾಂಡುಗಳ ಸಂತೆಯೇ ಶುರುವಾಗುತ್ತದೆ.

ಆಮೇಲೆ ಮೂಲ ಬಾಂಡುದಾರರನ್ನು ಹುಡುಕತೊಡಗಿದೆ. ಪೊರ್ಬುಗಳು ಊರಿಗೆ ಹೋದ ಮೇಲೆ ತೀರಿಕೊಂಡಿದ್ದರು. ಹೆಂಡತಿ ಮಗನ ಜೊತೆ ಮಂಗಳೂರಿನ ಫ್ಲಾಟಿನಲ್ಲಿದ್ದರು. ಫೋನಿಗೆ ಸಿಕ್ಕಿದ್ದು ಮಗ. ಕೊಂಕಣಿಯಲ್ಲಿ ಮಾತಾಡಿದೆ, ಮರ್ಯಾದೆಯ ಹುಡುಗ. ಹಣ ತಾಯಿಯ ಖಾತೆಗೆ ಬರುತ್ತದೆ ಎಂದಾಗ ಸಂತೋಷಪಟ್ಟ. ಸೀಟಿನ ಮಾತು ಬಂದಾಗ ಬೇರೆಯೇ ಮಾತು ತೆಗೆದ.

"ಮೇಡಂ, ನನ್ನ ಚಿಕ್ಕಪ್ಪನ ಮಗನಿಗೆ ದೋಹಾದಲ್ಲಿ ಕೆಲಸ ಆಗಿದೆ. ಹೆಂಡತಿ ಮಕ್ಕಳನ್ನೂ ಕರ್ಕೊಂಡು ಬರ್ತಿದ್ದಾನೆ. ಬಾಂಡು ನಮ್ಮ ಹೆಸರಲ್ಲೇ ಉಂಟಂತ ಗೊತ್ತಾದ ಮೇಲೆ ಆ ಸೀಟು ಅವನ ಮಗನಿಗೆ ಸಿಗಬಹುದು ಅಂತ ನಾನೇ ಹೇಳಿದ್ದೇನೆ."

"ನಿಮ್ಮ ತಂದೆ ಅದನ್ನು ಕೊಟ್ಟು ಹೋಗಿದ್ದಾರಲ್ಲ?"

"ನನಗೆ ಗೊತ್ತಿಲ್ಲ ಮೇಡಂ. ನಾನು ಆಗ ಇಲ್ಲಿ ಹಾಸ್ಟೆಲಿನಲ್ಲಿದ್ದೆ. ಅಮ್ಮನ ಹತ್ತಿರ ಕೇಳ್ತೇನೆ."

ಮತ್ತೆ ಅವನ ಫೋನು ಬರಲಿಲ್ಲ. ನಾನು ಮಾಡಿದರೆ, ಮೀಟಿಂಗಿನಲ್ಲಿದ್ದೇನೆ ಎಂದು ಮೆಸೇಜು. ಅವನ ಮೇಲೂ ಸಿಟ್ಟು ಮಾಡಲು ಮನಸ್ಸಾಗಲಿಲ್ಲ. ಅಲ್ಲಿಯೂ ಒಂದು ಮಗು ಚೀಲ ಕಟ್ಟಿಕೊಂಡು ಕೂತಿದೆ. ಎರಡು ಮಕ್ಕಳು, ಒಂದು ಸೀಟು, ಮಧ್ಯದಲ್ಲಿ ನಾನು. ದೇವರೇ, ಈ ಕೆಲಸಕ್ಕೆ ಯಾಕಾದರೂ ಕೈ ಹಾಕಿದೆನೋ ಎಂದು ಬಿನ್ ಒಮ್ರಾನಿನ ನನ್ನ ಮನೆಗೆ ಹೋಗುವ ದಾರಿಯುದ್ದಕ್ಕೂ ಗೊಣಗಿದ್ದೇನೆ.

ದಾರಿ ಹೊಳೆದದ್ದು ಇಲಾಖೆಯ ಸುತ್ತೋಲೆಯನ್ನು ಮತ್ತೊಮ್ಮೆ ಸಾವಧಾನವಾಗಿ ಓದುವಾಗ. ಸರ್ಕಾರ ತುಂಬಿಕೊಡುವುದು ಕಟ್ಟಡದ ಸಾಲವನ್ನು. ಆ ಸಾಲ ಕೊಟ್ಟವರು ಪೊರ್ಬುಗಳು, ಅನುಮಾನವೇ ಇಲ್ಲ. ಹಣ ಅವರ ಮನೆಗೇ ಹೋಗಬೇಕು. ಆದರೆ ಸೀಟು ಸಾಲವಲ್ಲ. ಸೀಟು ಕೊಟ್ಟದ್ದು ಶಾಲೆ, ಮತ್ತು ಕೊಟ್ಟದ್ದು ಈ ಹುಡುಗಿಗೆ. ನಾವು ಇಷ್ಟು ವರ್ಷ ಎರಡನ್ನೂ ಒಂದೇ ಕಾಗದದಲ್ಲಿ ಕಟ್ಟಿಟ್ಟದ್ದಕ್ಕೆ ಈ ಗೋಜಲು. ಬಿಚ್ಚಿಬಿಡೋಣ. ಹಣ ಹೆಸರಿದ್ದವರಿಗೆ, ಸೀಟು ಕೂತಿರುವ ಮಗುವಿಗೆ. ಹಾಗೆ ಕೇಳಬೇಕಾದರೆ ನಮ್ಮ ಆಫೀಸಿನ ಅಭ್ಯಾಸವನ್ನು, ಫ್ರಿಡ್ಜು ಸೋಫಾಗಳ ಕತೆಯನ್ನು, ಒಂದೂ ಬಿಡದೆ ಇಲಾಖೆಯ ಮುಂದೆ ಹೇಳಬೇಕು. ಹೇಳಿದ ಮೇಲೆ ಅವರು ಇಡೀ ಯೋಜನೆಯಿಂದಲೇ ಶಾಲೆಯನ್ನು ಹೊರಗೆ ಹಾಕಲೂಬಹುದು.

ಅಧ್ಯಕ್ಷರು ಎಲ್ಲ ಕೇಳಿ ಸಂಬಳದ ಪಟ್ಟಿಯನ್ನು ಎಳೆದುಕೊಂಡು ನೋಡಿದರು. "ಹೋಗಿ ಹೇಳಿ," ಎಂದರು ಕೊನೆಗೆ. "ಸಂಬಳದ ವಿಷಯ ನಾನು ನೋಡ್ಕೊಳ್ತೇನೆ." ಹೇಗೆ ನೋಡಿಕೊಳ್ಳುತ್ತೀರಿ ಎಂದು ನಾನು ಕೇಳಲಿಲ್ಲ. ಅವತ್ತು ಅವರ ಮೇಲೆ ನನಗೆ ತುಂಬ ಗೌರವ ಬಂತು.

ಇಲಾಖೆಯಲ್ಲಿ ನಮ್ಮ ಫೈಲು ನೋಡುತ್ತಿದ್ದವರು ಒಬ್ಬ ಕತಾರಿ ಮಹಿಳೆ. ಕಡಿಮೆ ಮಾತು, ಅಚ್ಚುಕಟ್ಟು ಇಂಗ್ಲಿಷು. ನಾನು ಮೊದಲಿನಿಂದ ಕೊನೆಯವರೆಗೆ ಹೇಳುವಾಗ ನಡುವೆ ಒಮ್ಮೆಯೂ ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ, "ನಿಮ್ಮ ಜನ ಮನೆ ಖಾಲಿ ಮಾಡುವಾಗ ಶಾಲೆಯನ್ನೂ ಕೊಟ್ಟುಹೋಗುತ್ತಾರೆಯೇ?" ಎಂದು ಕೇಳಿದರು.

"ಹೌದು ಮೇಡಂ. ಇಲ್ಲಿ ನಮ್ಮದು ಅಂತ ಇರುವುದೇ ಅಷ್ಟು. ಹೋಗುವಾಗ ಬೇಕಾದವರಿಗೆ ಕೊಟ್ಟುಹೋಗುತ್ತೇವೆ."

ಅವರು ನಗಲಿಲ್ಲ. ಸುತ್ತೋಲೆಯಲ್ಲಿ ಇದಕ್ಕೆ ಜಾಗವಿಲ್ಲ ಎಂದರು. ಜಾಗವಿಲ್ಲ ಎಂದೇ ಬಂದದ್ದು ಎಂದೆ. ಮೇಲಿನವರನ್ನು ಕೇಳುತ್ತೇನೆ ಎಂದು ಕಳಿಸಿದರು.  ಅಂತೂ ಉತ್ತರ ಬಂತು. ಹಣವನ್ನೂ ಸೀಟನ್ನೂ ಬೇರೆ ಮಾಡಲು ಒಪ್ಪಿಗೆ, ಒಂದು ಷರತ್ತಿನ ಮೇಲೆ: ಪ್ರತಿಯೊಂದು ಬಾಂಡಿನ ಮೂಲ ಹಕ್ಕುದಾರರೂ ಅಧಿಕಾರಿಯ ಎದುರು ತಮ್ಮ ಬಾಯಿಂದಲೇ ಸೀಟು ತಮ್ಮದಲ್ಲ ಎಂದು ಹೇಳಬೇಕು. ದೂರದಲ್ಲಿರುವವರು ವೀಡಿಯೊ ಕಾಲಿನಲ್ಲಿ ಹೇಳಬಹುದು. ಶಾಲೆ ತೆರೆಯುವುದರೊಳಗೆ ಆಗಬೇಕು.

ಹೆಚ್ಚಿನವರದ್ದು ಸುಲಭವಾಗಿ ಮುಗಿಯಿತು. ಸೋಫಾದ ಎಂಜಿನಿಯರರು ಕ್ಯಾಮೆರಾದ ಮುಂದೆ ಟೈ ಕಟ್ಟಿಕೊಂಡು ಕೂತಿದ್ದರು. ಉಳಿದದ್ದು ಪೊರ್ಬುಗಳ ಬಾಂಡು. ಮಗನಿಗೆ ಸಮಯ ತಿಳಿಸಿ ಮೆಸೇಜು ಹಾಕಿದ್ದೆ. "ಅಮ್ಮ ಬರ್ತಾರೆ" ಎಂದು ಮಾತ್ರ ಉತ್ತರ. ಅಮ್ಮ ಬಂದು ಏನು ಹೇಳುತ್ತಾರೆ ಎಂದು ಅವನೂ ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ಅದು ಗುರುವಾರ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಆದಿತ್ಯವಾರ ಶಾಲೆ ಶುರು.

ಪರದೆ ಅಂಗಡಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಇಲಾಖೆಯ ಬಾಗಿಲಲ್ಲಿ ನಿಂತಿದ್ದರು. ಪೊರ್ಬುಗಳ ಸಂಬಂಧದ ಮಗುವಿನ ವಿಷಯ ಅವರಿಗೂ ತಿಳಿಸಿದ್ದೆ. ಲಿಫ್ಟಿನಲ್ಲಿ ನನಗೆ ಹೇಳಿದರು: "ಬಾಯಮ್ಮ, ಅವರಿಗೆ ಅವರ ಸಂಬಂಧದ ಮಗುವಿಗೇ ಬೇಕು ಅಂತಿದ್ರೆ ಜೋರು ಮಾಡ್ಬೇಡಿ. ಪೊರ್ಬುಗಳು ಹೋದ ಮೇಲೆ ಅವರಿಗೂ ಸಂಬಂಧದವರೇ ಆಗ್ಬೇಕಲ್ಲ."

"ನೀವು ಸುಮ್ಮನಿರಿ ಸಾಹೇಬ್ರೆ," ಎಂದೆ. 

ಲ್ಯಾಪ್‌ಟಾಪಿನ ಪರದೆಯ ಮೇಲೆ ಮಂಗಳೂರು ಕಾಣಿಸಿತು. ಬೂದು ಕೂದಲಿನ ಹೆಂಗಸು, ಪಕ್ಕದಲ್ಲಿ ಮಗ. ಅಧಿಕಾರಿ ನನ್ನ ಕಡೆ ತಿರುಗಿ, ನೀವೇ ಅನುವಾದಿಸಿ, ನಿಮ್ಮ ಮಾತು ಸೇರಿಸಬೇಡಿ ಎಂದರು. ಮೊದಲು ಹಣ ಬಂದು ಮುಟ್ಟಿದೆಯೇ ಎಂದು ಕೇಳಿದರು. ಮುಟ್ಟಿದೆ, ದೇವರು ಒಳ್ಳೆಯದು ಮಾಡಲಿ ಎಂದರು ಆಕೆ. ಆಮೇಲೆ ಅಧಿಕಾರಿ ಕಾಗದ ನೋಡಿ ಓದಿದರು: "ನೀವು ಈ ದಿನ, ಯಾರ ಒತ್ತಾಯವೂ ಇಲ್ಲದೆ, ಈ ಸೀಟನ್ನು ಈ ವ್ಯಕ್ತಿಯ ಮಗಳಿಗೆ ಬಿಟ್ಟುಕೊಡುತ್ತೀರಾ?"

ನಾನು ಕೊಂಕಣಿಯಲ್ಲಿ ಕೇಳಿದೆ.  ಆಕೆ ಬಗ್ಗಿ ಕ್ಯಾಮೆರಾದ ಹತ್ತಿರ ಬಂದು, "ಅವರು ಅಲ್ಲಿದ್ದಾರಾ? ಸ್ವಲ್ಪ ಕಾಣುವ ಹಾಗೆ ಮಾಡಿ," ಎಂದರು. ನಾನು ಲ್ಯಾಪ್‌ಟಾಪು ತಿರುಗಿಸಿದೆ. ಪರದೆ ಅಂಗಡಿಯವರು ಎದ್ದು ನಿಂತರು. ಆಕೆ ಈಗ ಕನ್ನಡಕ್ಕೆ ಹೊರಳಿದರು.

"ಸಪೂರ ಆಗಿದ್ದೀರಿ ನೀವು. ಹೆಂಡತಿ ಹುಷಾರಿದ್ದಾಳಾ?"

"ಹುಷಾರಿದ್ದಾಳೆ ಬಾಯಮ್ಮ."

"ಇವರು ನಿಮಗೆ ಹೇಳಿದ್ದಾರಾ?" ಎಂದು ಆಕೆ ನನ್ನನ್ನು ಕೇಳಿದರು. "ಕೊರೊನದ ಸಮಯದಲ್ಲಿ ನಮ್ಮವರ ಕೆಲಸ ಹೋಯ್ತು. ಫ್ಲಾಟಿನ ಬಾಡಿಗೆ ಮುಗಿದಿತ್ತು, ವಿಮಾನ ಇಲ್ಲ. ಯಾರೂ ಯಾರನ್ನೂ ಮನೆಯೊಳಗೆ ಸೇರಿಸದ ಹೊತ್ತಿನಲ್ಲಿ ಇವರು ಬಂದು ನಮ್ಮನ್ನು ಕರ್ಕೊಂಡು ಹೋದ್ರು. ಒಂದೇ ಕೋಣೆಯ ಮನೆ. ನಮಗೆ ಕೋಣೆ ಕೊಟ್ಟು ಅವರೆಲ್ಲ ಅಂಗಡಿಯಲ್ಲಿ ಮಲಗಿದ್ರು, ಬಟ್ಟೆ ಕಟ್ಟುಗಳ ಮೇಲೆ. ವಿಮಾನ ಸಿಗುವವರೆಗೂ ಹಾಗೇ."

ನಾನು ಪರದೆ ಅಂಗಡಿಯವರ ಮುಖ ನೋಡಿದೆ. ಸಾಮಾನಿನ ಜೊತೆ ಕೊಟ್ರು ಎಂದಿದ್ದ ಮನುಷ್ಯ ನೆಲ ನೋಡುತ್ತಿದ್ದರು. ಮಾಡಿದ ಉಪಕಾರಕ್ಕೆ ಬೆಲೆ ಕೇಳಿದ ಹಾಗಾಗುತ್ತದೆ ಎಂದು ಅದನ್ನು ಬಾಯಿಗೇ ತಂದಿರಲಿಲ್ಲ. ಪರದೆಯ ಮೇಲಿನ ಮಗನಿಗೂ ಈ ಕತೆ ಹೊಸದು ಎಂದು ಕಾಣುತ್ತದೆ, ತಾಯಿಯ ಕಡೆಗೇ ನೋಡುತ್ತಿದ್ದ.

ಅಧಿಕಾರಿ ಮೆಲ್ಲನೆ ನೆನಪಿಸಿದರು: ಪ್ರಶ್ನೆಗೆ ಉತ್ತರ ಬೇಕು. ನಾನು ಮತ್ತೆ ಕೇಳಿದೆ. ಈ ದಿನ ಸೀಟು ಬಿಟ್ಟುಕೊಡುತ್ತೀರಾ?

"ಈ ದಿನ ನಾನು ಎಂತ ಕೊಡುವುದು?" ಎಂದರು ಆಕೆ. ದನಿಯಲ್ಲಿ ಸ್ವಲ್ಪ ಬೇಸರವೇ ಇತ್ತು. "ಅವತ್ತೇ ಕೊಟ್ಟು ಬಂದಿದ್ದೇವಲ್ಲ. ನಮ್ಮ ಹತ್ತಿರ ಇಲ್ಲದ್ದನ್ನು ಈಗ ಇವರಿಗಾದರೂ ಹೇಗೆ ಕೊಡ್ಲಿಕ್ಕಾಗ್ತದೆ, ಬೇರೆಯವರಿಗಾದರೂ ಹೇಗೆ ಕೊಡ್ಲಿಕ್ಕಾಗ್ತದೆ?"

ಕೊನೆಯ ಮಾತನ್ನು ಮಗನ ಕಡೆ ತಿರುಗಿ ಹೇಳಿದರು. ಅವನು ತಲೆಯಾಡಿಸಿ ತಾಯಿಯ ಕೈಯ ಮೇಲೆ ಕೈ ಇಟ್ಟ. "ಚಿಕ್ಕಪ್ಪನ ಮೊಮ್ಮಗನ ಹೆಸರು ಕಾಯುವ ಪಟ್ಟಿಗೆ ಹಾಕಿಸ್ತೇನೆ ಮೇಡಂ, ಎಲ್ಲರ ಹಾಗೆ," ಎಂದ ನನಗೆ.

ನಾನು ಒಂದು ಪದವನ್ನೂ ಸೇರಿಸದೆ, ಒಂದನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.  ಕಾಗದದಲ್ಲಿ ಹೌದು ಅಥವಾ ಇಲ್ಲ ಎಂದು ಗುರುತು ಹಾಕಲು ಎರಡು ಚೌಕಗಳಿದ್ದವು.  ಅಧಿಕಾರಿ ಎರಡು ಚೌಕಗಳನ್ನೂ ಬಿಟ್ಟು, ಕೆಳಗಿನ ಖಾಲಿ ಜಾಗದಲ್ಲಿ ಪೊರ್ಬುಗಳ ಹೆಂಡತಿಯ ಮಾತನ್ನೇ ಅರಬ್ಬಿಯಲ್ಲಿ ಒಂದು ಉದ್ದ ಸಾಲಾಗಿ ಬರೆದು, ಸಹಿ ಮಾಡಿ, ಮೊಹರು ಒತ್ತಿದರು. "ಮಬ್ರೂಕ್," ಎಂದು ಪರದೆ ಅಂಗಡಿಯವರಿಗೆ ಶುಭ ಹಾರೈಸಿದರು.

ಕೆಳಗೆ ಬಿಸಿಲಿಗೆ ಬಂದೆವು. ನಾನು ಮೊಹರು ಬಿದ್ದ ಕಾಗದವನ್ನು ಬಿಚ್ಚಿ, ಇದು ಏನು, ಇದರಿಂದ ಏನಾಗುತ್ತದೆ ಎಂದು ವಿವರಿಸಲು ಹೊರಟೆ. ಅವರು ಕಾಗದದ ಕಡೆ ನೋಡಲೇ ಇಲ್ಲ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಕೇಳಿದರು:

"ಆದಿತ್ಯವಾರ ಅವಳನ್ನು ಶಾಲೆಗೆ ಕಳಿಸಬಹುದಲ್ಲ ಬಾಯಮ್ಮ?"

"ಕಳಿಸಿ," ಎಂದೆ.